ದಾನಾಂಗಕ್ಕೆ ಎಷ್ಟು ರೊಟ್ಟಿ?

"ಅವ್ವಾ, ದಾನಾಂಗಕ್ಕ ಹೋಗೂಣೇನು?" ಎಂದು ನಾನು ಕೇಳಿದಾಗ ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ತಲೆ ಎತ್ತದೆ, "ಯಾರ ದನಾ?" ಅಂದಳು.

ದನ ಅಲ್ಲ, ದಾನಾಂಗ್, ವಿಯೆಟ್ನಾಂ ದೇಶದ ನಟ್ಟನಡುವೆ ಸಮುದ್ರದ ದಂಡೆಗಿರುವ ಊರು ಎಂದು ಬಿಡಿಸಿ ಹೇಳಿದೆ. ಸುಲಿಯುವ ಕೈ ನಿಂತಿತು. "ವಿಯೆಟ್ನಾಂ ಅಂದ್ರ ಅಲ್ಲೆ ಯುದ್ಧ ನಡದೈತಲ್ಲೋ ತಮ್ಮಾ?"

ಅವ್ವನ ತಪ್ಪಲ್ಲ. ಅಪ್ಪ ಧಾರವಾಡ ಆಕಾಶವಾಣಿ ಹಚ್ಚಿಕೊಂಡು ವಾರ್ತೆ ಕೇಳುವ ಹೊತ್ತಿಗೆ ಒಳಗೆ ರೊಟ್ಟಿ ಬಡಿಯುವ ಸದ್ದು. ಆ ಸದ್ದಿನ ಸಂದಿಯಲ್ಲಿ ಅವ್ವನ ಕಿವಿಗೆ ಬಿದ್ದದ್ದು ಎರಡೇ ಮಾತು: ಒಂದು ವಿಯೆಟ್ನಾಂ, ಇನ್ನೊಂದು ಬಾಂಬು. ಅಮೆರಿಕದ ಮರೀನ್ ಪಡೆ 1965ರ ಮಾರ್ಚ್ 8ಕ್ಕೆ ಬಂದಿಳಿದದ್ದು ಇದೇ ದಾನಾಂಗ್ ದಂಡೆಗೆ. ಯುದ್ಧ ಮುಗಿದದ್ದು 1975ರ ಏಪ್ರಿಲ್ 30ಕ್ಕೆ. ಅಷ್ಟೊತ್ತಿಗೆ ನಮ್ಮ ರೇಡಿಯೊ ಕೆಟ್ಟು ಮಾಡದಲ್ಲಿ ಕೂತಿತ್ತಾದ್ದರಿಂದ ಮುಗಿದ ಸುದ್ದಿ ಅವ್ವನಿಗೆ ಮುಟ್ಟಿರಲಿಲ್ಲ.

"ಮುಗದು ಐವತ್ತು ವರ್ಷ ಆತವ್ವಾ."

"ಹೌದಾ? ಪಾಡಾತ ಬಿಡು," ಎಂದು ಅವ್ವ ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.

ಈ ದಾನಾಂಗ್ ನಮ್ಮ ಮನೆಗೆ ಕಾಲಿಟ್ಟದ್ದು ಮಗನ ಕಡೆಯಿಂದ. ಅವನು ಬೆಂಗಳೂರಿನಲ್ಲಿ ಕೂತು ನಾಲ್ಕು ರಾತ್ರಿ ಐದು ಹಗಲಿನ ಒಂದು ಎಕ್ಸೆಲ್ ಹಾಳೆ ಕಳಿಸಿದ. ರಾಣಿ ಚೆನ್ನಮ್ಮ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನ, ನಡುವೆ ಒಂದು ಕಡೆ ಇಳಿದು ಹತ್ತುವುದು, ತಲೆಗೆ 25 ಡಾಲರಿನ ಇ-ವೀಸಾ, ಕೋಣೆ ಬಾಡಿಗೆ, ಊಟ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಮಂದಿಯ ಲೆಕ್ಕ ತಪಾಸು ಮಾಡಿದ ನಾನು ಕೆಂಪು ಪೆನ್ನು ಹಿಡಿದು ಕೂತೆ. ಮೊದಲ ದಿನವೇ 'ಸಮುದ್ರ ಕಾಣುವ ಕೋಣೆ, ರಾತ್ರಿಗೆ ನಾಲ್ಕು ಲಕ್ಷ ಡಾಂಗ್ ಹೆಚ್ಚು' ಎಂಬ ಸಾಲನ್ನು ಹೊಡೆದು ಹಾಕಿದೆ. ಸಮುದ್ರ ಹೊರಗೆ ಪುಕ್ಕಟೆ ಬಿದ್ದಿರುವಾಗ ಅದನ್ನು ಕಿಟಕಿಯಿಂದ ನೋಡಲು ನಾಲ್ಕು ಲಕ್ಷ ಯಾಕೆ?

ನಾಲ್ಕು ಲಕ್ಷ ಎಂದೊಡನೆ ಎದೆ ಒಡೆದುಕೊಳ್ಳಬೇಕಿಲ್ಲ. ನಮ್ಮ ಒಂದು ರೂಪಾಯಿಗೆ ಅವರ ಸುಮಾರು ಮುನ್ನೂರು ಡಾಂಗ್. ಹತ್ತು ಸಾವಿರ ರೂಪಾಯಿ ಮುರಿಸಿದರೆ ಮೂವತ್ತು ಲಕ್ಷ ಕಿಸೆಯಲ್ಲಿ. ಐದು ಲಕ್ಷದ ಒಂದೇ ನೋಟು ಉಂಟು, ಅದೂ ನೀರಿಗೆ ಬಿದ್ದರೂ ಹರಿಯದ ಪ್ಲಾಸ್ಟಿಕ್ಕಿನದು. "ಇಡೀ ನೌಕರಿ ಮಾಡಿ ಆಗಲಿಲ್ಲ, ವಿಮಾನ ಇಳಿದ ಕೂಡಲೆ ಲಕ್ಷಾಧೀಶ ಆಗ್ತೀರಿ ನೋಡ್ರಿ," ಎಂದು ಹೆಂಡತಿ ಚುಚ್ಚಿದಳು. ನಾನೊಂದು ಸೂತ್ರ ಕಟ್ಟಿಕೊಂಡೆ: ಮೂರು ಸೊನ್ನೆ ತೆಗೆ, ಮೂರರಿಂದ ಭಾಗಿಸು, ಒಂದು ಸೊನ್ನೆ ಹಚ್ಚು. ರೂಢಿಯಾಗಲೆಂದು ಉಲ್ಟಾ ಲೆಕ್ಕವನ್ನೂ ಶುರು ಮಾಡಿದೆ. ಮೂವತ್ತು ರೂಪಾಯಿಯ ಗಿರಮಿಟ್ಟು ತಿಂದು, ಕೈ ಒರೆಸಿಕೊಳ್ಳುತ್ತ, "ಒಂಬತ್ತು ಸಾವಿರ ಆತು," ಎಂದು ಬಾಯಿಬಿಟ್ಟೆ. ಗಾಡಿಯವ ಮಿರ್ಚಿ ತಿರುವುವ ಜಾಲರಿ ಹಿಡಿದುಕೊಂಡೇ ನನ್ನನ್ನು ಕೆಳಗಿನಿಂದ ಮೇಲಿನತನಕ ನೋಡಿ, "ಸಾಹೇಬ್ರ, ಇಷ್ಟ ದಿನದ್ದು ಉದ್ರಿ ಸೇರಿಸಿ ಹೇಳಾಕತ್ತೀರೇನ್ರಿ?" ಅಂದ.

ಡ್ರ್ಯಾಗನ್ ಸೇತುವೆಯ ಫೋಟೊ ಕಳಿಸಿದ್ದ ಮಗ. ಹಾನ್ ನದಿಯ ಮೇಲೆ 2013ರಲ್ಲಿ ತೆರೆದದ್ದು, 666 ಮೀಟರ್ ಉದ್ದ, ವಾರದ ಕೊನೆಯ ರಾತ್ರಿ ಒಂಬತ್ತಕ್ಕೆ ಬಾಯಿಂದ ಬೆಂಕಿ, ಆಮೇಲೆ ನೀರು ಉಗುಳುತ್ತದಂತೆ. ಊರಿನ ಅಭಿಮಾನ ಸುಮ್ಮನಿರಗೊಡಲಿಲ್ಲ. "ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್ ಐತೋ, ಎರಡು ಡ್ರ್ಯಾಗನ್ ಮಲಗಿಸಿದ ಮ್ಯಾಲೂ ಜಾಗಾ ಉಳೀತೈತಿ," ಎಂದು ಬರೆದೆ. ಬೆಂಕಿಯ ವಿಷಯ ಎತ್ತಲಿಲ್ಲ.

ಯಾವಾಗ ಹೋಗುವುದು ಎಂಬಲ್ಲಿ ಗಾಡಿ ಹೂತುಕೊಂಡಿತು. ನಮ್ಮ ದಸರಾ-ದೀಪಾವಳಿ ಸೂಟಿ ಬರುವ ಅಕ್ಟೋಬರ್-ನವೆಂಬರಿನಲ್ಲೇ ಅವರಿಗೆ ಜಡಿಮಳೆ. ಪಕ್ಕದ ಹೊಯಿ ಆನ್ ಎಂಬ ಹಳೇ ಬಂದರಿನ ಬೀದಿಗಳಲ್ಲಿ ದೋಣಿ ತಿರುಗುವಷ್ಟು ನೀರು. ಫೆಬ್ರುವರಿಯಿಂದ ಮೇ ಪಾಡು ಎಂದರೆ, ಆಗ ನಮಗೆ ಜಾತ್ರೆಗಳ ಸಾಲು, ಅದರ ಬೆನ್ನಿಗೆ ಮದುವೆಗಳ ಸಾಲು. "ಮಾರ್ಚಿನಾಗ ಹೋಗೂಣು," ಎಂದೆ. "ಮಾರ್ಚಿನಾಗ ನಮ್ಮಕ್ಕನ ಮನಿ ವಾಸ್ತುಶಾಂತಿ," ಎಂದಳು ಹೆಂಡತಿ.

ಇದು ಎಲ್ಲೋ ಕೇಳಿದ ಮಾತು ಅನ್ನಿಸಿ ಮಾಳಿಗೆಯ ಟ್ರಂಕು ಇಳಿಸಿದೆ. ಅಪ್ಪನ ನೋಟ್‌ಬುಕ್ಕು ಅಲ್ಲೇ ಇತ್ತು. ಪಾಯಿಂಟ್ ಪಾಯಿಂಟ್ ಹಾಕಿ ಬರೆದ ಪ್ರವಾಸದ ಯೋಜನೆ: ಧಾರವಾಡ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆ, ಕಾರವಾರ. ಬಸ್ ಚಾರ್ಜು, ಎರಡು ದಿನದ ಲಾಡ್ಜು, ಎಳನೀರು, 'ಇತರೆ'. ಬಸ್ ಚಾರ್ಜನ್ನು ನಾಲ್ಕು ಸಲ ಹೊಡೆದು, ನಾಲ್ಕು ಬಣ್ಣದ ಶಾಯಿಯಲ್ಲಿ ಮೇಲೆ ಮೇಲೆ ತಿದ್ದಿದ್ದರು. ಎಳನೀರಿನ ಮುಂದೆ ಮಾತ್ರ ಮೊದಲು ಬರೆದದ್ದೇ ಉಳಿದಿತ್ತು. ಅದು ತುಟ್ಟಿಯಾಗುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ. ಒಂದು ವರ್ಷ ಜೋಳದ ಸುಗ್ಗಿ ಅಡ್ಡ ಬಂತು, ಇನ್ನೊಂದು ವರ್ಷ ಅತ್ತೆಯ ಮದುವೆ, ಮಗದೊಂದು ವರ್ಷ ಬಾವಿಯ ಪಂಪು. ಆಮೇಲೆ ಹುಬ್ಬಳ್ಳಿ-ಅಂಕೋಲೆ ರೈಲಿನ ಸುದ್ದಿ ಎದ್ದಿತು. "ಬಸ್ಸಿನ್ಯಾಗ ನಿನಗ ವಾಂತಿ ಆಗ್ತೈತಿ, ರೈಲ ಆಗಲಿ, ಆರಾಮ ಹೋಗೂಣು," ಎಂದು ಅಪ್ಪ ಅವ್ವನಿಗೆ ಹೇಳಿದರು. ಅಡಿಗಲ್ಲು ಬಿತ್ತು. ರೈಲು ಕಾಡಿನ ಪರವಾನಗಿಯಲ್ಲಿ ಸಿಕ್ಕಿಕೊಂಡಿತು. ಕಾಯುತ್ತಲೇ ಅಪ್ಪ ಹೋದರು. ಅವ್ವ ಈಗ ಎಪ್ಪತ್ತೈದು ದಾಟಿದ್ದಾಳೆ, ಸಮುದ್ರ ನೋಡಿಲ್ಲ. ಅವಳು ಕಂಡ ದೊಡ್ಡ ನೀರೆಂದರೆ ಕೆಲಗೇರಿ ಕೆರೆ.

ನನಗೆ ನಾಚಿಕೆಯಾಯಿತು. ನಾಲ್ಕು ತಾಸಿನ ಹಾದಿಯ ಸಮುದ್ರ ತೋರಿಸದವನು ಇನ್ನೊಂದು ದೇಶದ ಸಮುದ್ರಕ್ಕೆ ಹಾಳೆ ಬರೆಯುತ್ತಿದ್ದೇನೆ. ಮರುದಿನ ಮುಂಜಾನೆ, "ಅವ್ವಾ, ವಿಯೆಟ್ನಾಂ ಆಮ್ಯಾಲೆ ನೋಡೂಣು. ಈ ಐತವಾರ ಕಾರು ತಗೊಂಡು ಕಾರವಾರಕ್ಕ ಹೋಗಿಬರೂಣ," ಎಂದೆ.

ಅವ್ವ ಚಹಾದ ಬಸಿ ಕೆಳಗಿಟ್ಟಳು. "ಕಾರವಾರಕ್ಕ ನಾ ಒಲ್ಲೆ. ಅದಕ್ಕ ನಿಮ್ಮಪ್ಪನ ಜೋಡಿ ಹೋಗೂದಿತ್ತು." ಸ್ವಲ್ಪ ಹೊತ್ತು ಬಿಟ್ಟು, "ಬ್ಯಾರೆ ಯಾವದರ ಹೊಸಾ ಊರಿದ್ರ ಬರ್ತೇನಿ," ಎಂದಳು.

ಹಾಗಾಗಿ ಎಕ್ಸೆಲ್ ಹಾಳೆಯಲ್ಲಿ ಮೂರು ತಲೆ ಇದ್ದದ್ದು ನಾಲ್ಕಾಯಿತು.

ಅವ್ವನಿಗೆ ಪಾಸ್‌ಪೋರ್ಟ್ ಮಾಡಿಸಬೇಕು. ಅರವತ್ತು ದಾಟಿದವರಿಗೆ ಶುಲ್ಕದಲ್ಲಿ ನೂರಕ್ಕೆ ಹತ್ತು ಸೋಡಿ ಎಂದು ತಿಳಿದು ನನ್ನೊಳಗಿನ ಬ್ಯಾಂಕಿನವ ಹಿಗ್ಗಿದ. ಹುಟ್ಟಿದ ತಾರೀಖು ಜೂನ್ 1. ಅಪ್ಪನದೂ ಅದೇ, ಚಿಕ್ಕಮ್ಮನದೂ ಅದೇ, ಎದುರು ಮನೆಯ ಕಾಕಾನದೂ ಅದೇ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಇಡೀ ಓಣಿಯನ್ನು ಒಂದೇ ದಿನ ಹುಟ್ಟಿಸಿದ್ದರು. ಫೋಟೊ ಸ್ಟುಡಿಯೊದಲ್ಲಿ ಹುಡುಗ "ಸೆರಗು ಸ್ವಲ್ಪ ಹಿಂದ ಸರಸ್ರಿ ಅಜ್ಜಿ, ನಗಬ್ಯಾಡ್ರಿ," ಎಂದ. "ನಗಬ್ಯಾಡ ಅಂದ್ರ ನಗಿ ಬರ್ತೈತಿ," ಎಂದು ಅವ್ವ ನಕ್ಕಳು. ಮೂರು ಸಲ ತೆಗೆಯಬೇಕಾಯಿತು.

ದಾರಿಯಲ್ಲಿ ಬರುವಾಗ ಕೇಳಿದಳು: "ಅಲ್ಲೆ ದೇವರು ದಿಂಡರು ಅದಾರೇನು?"

ಇಲ್ಲಿ ಮಾತ್ರ ನನ್ನ ಕೈ ಮೇಲಾಯಿತು. ದಾನಾಂಗಿನಿಂದ ಸುಮಾರು 70 ಕಿಲೋಮೀಟರ್ ಒಳಗೆ, ಗುಡ್ಡಗಳ ನಡುವೆ ಮೀ ಸನ್ ಎಂಬಲ್ಲಿ ಚಾಮ್ ಅರಸರ ಶಿವಾಲಯಗಳಿವೆ, ಇಟ್ಟಿಗೆಯವು. ನಾಲ್ಕನೆಯ ಶತಮಾನದ ಕೊನೆಗೆ ಭದ್ರವರ್ಮ ಎಂಬ ಅರಸ ಅಲ್ಲಿ ಲಿಂಗ ಸ್ಥಾಪಿಸಿ, ತನ್ನ ಹೆಸರು ಸೇರಿಸಿ ಭದ್ರೇಶ್ವರ ಎಂದು ಕರೆದ. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯ ಕಟ್ಟಿಸಿದ ಗುಡಿ ವಿಜಯೇಶ್ವರ ಆದ ಹಾಗೆಯೇ. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಬಹಳಷ್ಟು ನೆಲಕ್ಕೊರಗಿತು. ನಮ್ಮ ಪುರಾತತ್ವ ಇಲಾಖೆಯವರೇ ಹೋಗಿ ಕೆಲವು ಗುಂಪುಗಳನ್ನು ಜೀರ್ಣೋದ್ಧಾರ ಮಾಡುವಾಗ, 2020ರಲ್ಲಿ ಒಂಬತ್ತನೆಯ ಶತಮಾನದ ಒಂದೇ ಕಲ್ಲಿನ ಶಿವಲಿಂಗ ಮಣ್ಣಿನಿಂದ ಮೇಲೆ ಬಂತು. ಇದನ್ನೆಲ್ಲ ಹೇಳಿದೆ. ಅವ್ವ ಕೇಳಿದ್ದು ಒಂದೇ: "ಈಗ ಪೂಜಿ ಯಾರು ಮಾಡ್ತಾರ?" ನಿತ್ಯಪೂಜೆ ಇಲ್ಲ, ನೋಡಲು ಟಿಕೆಟ್ಟು ಅಂದೆ. "ಹಂಗಾದ್ರ ಒಂದು ವಿಭೂತಿ ಉಂಡಿ ಇಟಗೋತೇನಿ."

ಇನ್ನು ಊಟ. ಅವರ ಮೀನಿನ ಸಾಸು ಯಾವುದರಲ್ಲಿ ಇಲ್ಲ ಎಂದು ಹುಡುಕಬೇಕು. ಆದರೆ ಸಸ್ಯಾಹಾರಕ್ಕೆ ಅವರು 'ಚಾಯ್' ಎನ್ನುತ್ತಾರೆ. ಅಂದರೆ ನಾನು ಮುಂಜಾನೆ ಎದ್ದು ಚಾಯ್ ಬೇಕೆಂದರೆ ತೋಫು ಬರುವ ಸಂಭವ ಉಂಟು. ಚಾಂದ್ರ ತಿಂಗಳ ಒಂದನೆಯ ದಿನ, ಹದಿನೈದನೆಯ ದಿನ ಅಲ್ಲಿಯ ಬೌದ್ಧರಲ್ಲಿ ಅನೇಕರು ಚಾಯ್ ಉಣ್ಣುತ್ತಾರೆ ಎಂದಾಗ ಅವ್ವನಿಗೆ ಆ ದೇಶದ ಮೇಲೆ ಮೊದಲ ಸಲ ನಂಬಿಕೆ ಬಂತು. "ಅಮಾಸಿ ಹುಣ್ಣಿವಿ ಹಿಡಿಯೋ ಮಂದಿ ಅಂದ್ರ ಕೆಟ್ಟವರಲ್ಲ."

ಹಾಗೆಂದು ಬರಿಗೈಲಿ ಹೋಗುವ ಪೈಕಿ ಅವಳಲ್ಲ. ಮದುವೆಯಾದ ಹೊಸದರಲ್ಲಿ ಭಾರತ ಹುಣ್ಣಿವಿಗೆ ಚಕ್ಕಡಿ ಕಟ್ಟಿಕೊಂಡು ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಹೋದವಳು ಅವಳು, ಹಳಿಯಾಳ, ದಾಂಡೇಲಿ ದಾಟಿ, ಕಾಡಿನಲ್ಲಿ ಬಿಡಾರ ಹೂಡಿ. ಪ್ರವಾಸದ ಲೆಕ್ಕ ಅವಳಿಗೆ ಆಗಲೇ ಬಾಯಿಪಾಠ: ತಲೆಗೆ ದಿನಕ್ಕೆ ಮೂರು ಖಡಕ್ ರೊಟ್ಟಿ, ಎತ್ತಿನ ಮೇವು ಬೇರೆ. "ನಾಕು ಮಂದಿ, ಐದು ದಿನ, ಅರವತ್ತು. ದಾರಿಯಾಗ ಯಾರರ ಹಸದವರು ಸಿಕ್ಕರ ಹತ್ತು. ಎತ್ತಿಂದು ಬಿಡು."

ವಿಮಾನದಲ್ಲಿ ಕೈಚೀಲ ಏಳು ಕಿಲೋ ಅಷ್ಟೇ ಎಂದು ಮಗ ಎಚ್ಚರಿಸಿದ್ದ. ಎಪ್ಪತ್ತು ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಕಟ್ಟಿ, ರದ್ದಿ ಅಂಗಡಿಯಿಂದ ತಕ್ಕಡಿ ಇಸಕೊಂಡು ಬಂದು ಪಡಸಾಲೆಯ ತೊಲೆಗೆ ತೂಗುಹಾಕಿದೆ. ಮೂರು ಕಿಲೋ ಚಿಲ್ಲರೆ. ಗಂಟು ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಟಿಕೆಟ್ಟಿನ್ನೂ ತೆಗೆಸಿಲ್ಲ, ತಾರೀಖು ಗೊತ್ತಾಗಿಲ್ಲ, ರೊಟ್ಟಿ ಮಾತ್ರ ತಯಾರು.

ಅವ್ವ ತಕ್ಕಡಿಯ ಮುಳ್ಳನ್ನೇ ನೋಡುತ್ತ ಹೇಳಿದಳು: "ಉಳವ್ಯಾಗ ಗುಡಿ ಹಿಂದ ನಿಂತು ನಿಮ್ಮಪ್ಪ ಕೈ ಮಾಡಿ ತೋರಿಸಿದ್ರು, ಈ ಘಟ್ಟ ಇಳದ್ರ ಸಮುದ್ರ ಅಂತ. ನಾ ಭಾಳ ಹೊತ್ತು ನೋಡಿದೆ. ಬರೇ ಗಿಡಾನ ಕಾಣತಿದ್ದು." ಆಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ಅಲ್ಲೆ ನಾವು ಇಳಕೊಳ್ಳೊ ಖೋಲಿಯಿಂದ ಸಮುದ್ರ ಕಾಣತೈತೇನು, ಇಲ್ಲಾ ನಡುವ ಗಿಡ ಅದಾವ?"

ಮೂರು ಸೊನ್ನೆ ತೆಗೆದು, ಮೂರರಿಂದ ಭಾಗಿಸಿ, ಒಂದು ಸೊನ್ನೆ ಹಚ್ಚಿದೆ. ರಾತ್ರಿಗೆ ಸಾವಿರದ ಮುನ್ನೂರು ಚಿಲ್ಲರೆ.

"ಕಾಣತೈತವ್ವಾ," ಎಂದು ಹೇಳಿ, ಕೆಂಪು ಗೆರೆ ಎಳೆದಿದ್ದ ಹಾಳೆ ಹುಡುಕಲು ಒಳಗೆ ಹೋದೆ.