‘ಕಿರುಕುಳ’ವೆಂಬ ಪದದ ಅಳತೆ

ಕೆಲವು ಪದಗಳು ತಾವು ಸೂಚಿಸುವ ಸಂಗತಿಗಿಂತ ಚಿಕ್ಕವಾಗಿರುತ್ತವೆ. ‘ಕಿರುಕುಳ’ ಅಂತಹದೊಂದು ಪದ. ಕಿರುನಗೆ, ಕಿರುದಾರಿ, ಕಿರುಬೆರಳುಗಳಲ್ಲಿರುವ ‘ಕಿರು’ವಿನ ದನಿ ಇಲ್ಲಿಯೂ ಕೇಳಿಸುತ್ತದೆ. ಸೊಳ್ಳೆಯ ಕಾಟಕ್ಕೂ ನೆರೆಮನೆಯ ಉಪದ್ರವಕ್ಕೂ ಸಲ್ಲುವ ಈ ಮಾತು ಇಂದು ಪರಿಭಾಷೆಯಾಗಿ, ದುಡಿಯುವ ಸ್ಥಳದಲ್ಲಿ ಹೆಣ್ಣು ಎದುರಿಸುವ ಲೈಂಗಿಕ ದೌರ್ಜನ್ಯವನ್ನೂ ಹೆಸರಿಸಬೇಕಾಗಿದೆ. ಪದ ಕಿರಿದಾದರೆ ದೂರೂ ಕಿರಿದಾಗಿ ಕೇಳಿಸುವ ಅಪಾಯವುಂಟು. “ಅಷ್ಟಕ್ಕೆಲ್ಲ ದೂರು ಕೊಡುವುದೇ?” ಎಂಬ ಉದ್ಗಾರ ಹುಟ್ಟುವುದು ಇಲ್ಲಿಯೇ.

ಕರ್ನಾಟಕದಿಂದ ಹೊರನಾಡಿಗೆ ದುಡಿಯಲು ಹೋದ ಇಬ್ಬರು ಮಹಿಳೆಯರ ಬದುಕನ್ನು ಒಟ್ಟಿಗೆ ಇರಿಸಿ ನೋಡಿದರೆ ಈ ಪ್ರಶ್ನೆಯ ಆಳ ಗೋಚರಿಸುತ್ತದೆ. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿದ ಸಿ.ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಪ್ರವೇಶಿಸಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ನೀಡುವುದಾಗಿ ಸೇವೆಗೆ ಸೇರುವಾಗಲೇ ಅವರಿಂದ ಮುಚ್ಚಳಿಕೆ ಕೇಳಲಾಯಿತು. ಗಂಡಸರಿಗೆ ಆ ಕಟ್ಟುಪಾಡಿರಲಿಲ್ಲ. ಮುಂದೆ ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಅರ್ಜಿ ವಿಚಾರಣೆಯಲ್ಲಿರುವಾಗಲೇ ಸರಕಾರ ಬಡ್ತಿ ನೀಡಿದ್ದರಿಂದ ಅದು ವಜಾ ಆಯಿತು. ಆದರೂ 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳಲ್ಲಿದ್ದ ತಾರತಮ್ಯವನ್ನು ಕಟುವಾಗಿ ಖಂಡಿಸಿ, ಸೇವಾನಿಯಮಗಳೆಲ್ಲವೂ ಆ ಕಳಂಕದಿಂದ ಮುಕ್ತವಾಗಬೇಕೆಂದರು.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ನೌಕರನೊಬ್ಬ ಆಸ್ಪತ್ರೆಯ ಕಟ್ಟಡದಲ್ಲಿಯೇ ಅವರ ಮೇಲೆರಗಿ, ನಾಯಿಯ ಸರಪಳಿಯಿಂದ ಕೊರಳು ಬಿಗಿದ. ಮಿದುಳಿಗೆ ಒದಗಿದ ಆಘಾತದಿಂದ ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. ಆತನಿಗೆ ಶಿಕ್ಷೆಯಾದದ್ದು ಸುಲಿಗೆ ಮತ್ತು ಕೊಲೆಯತ್ನಕ್ಕಾಗಿ. ಲೈಂಗಿಕ ದೌರ್ಜನ್ಯ ಆ ಲೆಕ್ಕಕ್ಕೆ ಬರಲೇ ಇಲ್ಲ. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ಸುಮಾರು 42 ವರ್ಷ, ದುಡಿದ ಆಸ್ಪತ್ರೆಯೇ ಅವರ ರೋಗಶಯ್ಯೆಯಾಯಿತು. ಅಲ್ಲಿಯ ದಾದಿಯರು ತಲೆಮಾರುಗಳ ಕಾಲ ನಡೆಸಿದ ಶುಶ್ರೂಷೆ ವಂದನೀಯವಾದುದು. ಆದರೆ ಶುಶ್ರೂಷೆ ಎಷ್ಟು ದೊಡ್ಡದಾದರೂ ರಕ್ಷಣೆಯ ಸ್ಥಾನವನ್ನು ತುಂಬಲಾರದು.

ಮುತ್ತಮ್ಮನವರ ಹೋರಾಟ ಅವಕಾಶಕ್ಕಾಗಿ. ಅರುಣಾ ಅವರಿಗೆ ದೊರೆಯದೆ ಹೋದುದು ಅಭಯ. ಅಭಯವಿಲ್ಲದ ಅವಕಾಶ ಅರ್ಧ ಸತ್ಯ ಮಾತ್ರ. ಎರಡನೆಯದನ್ನು ಕಾನೂನು ಗುರುತಿಸಲು ಬಹುಕಾಲ ಹಿಡಿಯಿತು. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಹೋದ ಗ್ರಾಮಕಾರ್ಯಕರ್ತೆ ಭಂವರಿ ದೇವಿಯ ಮೇಲೆ 1992ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಹಿನ್ನೆಲೆಯಲ್ಲಿ, 1997ರಲ್ಲಿ ಸುಪ್ರೀಂ ಕೋರ್ಟು ‘ವಿಶಾಖಾ’ ಮಾರ್ಗಸೂಚಿಗಳನ್ನು ನೀಡಿತು. ಅದು ಅಧಿನಿಯಮವಾದುದು 2013ರಲ್ಲಿ. 10 ಅಥವಾ ಹೆಚ್ಚು ನೌಕರರಿರುವೆಡೆ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು. ಹೊರಗಿನ ಒಬ್ಬರೂ ಇರಬೇಕು. ಸಣ್ಣ ಸಂಸ್ಥೆಗಳ ನೌಕರರಿಗೂ ಮನೆಗೆಲಸದವರಿಗೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯುಂಟು.

ವಿದ್ಯಾಲಯಗಳು ಇದಕ್ಕೆ ಹೊರತಲ್ಲ. ಸಂಶೋಧನ ವಿದ್ಯಾರ್ಥಿನಿಯ ಮಹಾಪ್ರಬಂಧಕ್ಕೆ ಸಹಿ ಹಾಕಬೇಕಾದ ಕೈಯ ವಿರುದ್ಧವೇ ದೂರು ಬರೆಯಬೇಕಾಗಿ ಬಂದರೆ ಅವಳು ಏನು ಮಾಡಬೇಕು? ದೂರಿಗೆ ಸಾಮಾನ್ಯವಾಗಿ ಇರುವ ಅವಧಿ 3 ತಿಂಗಳು. ಪ್ರಬಂಧಕ್ಕೆ ಹಿಡಿಯುವುದು ವರ್ಷಗಳು. ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮಾವಳಿ, ವಿಚಾರಣೆಯ ಕಾಲದಲ್ಲಿ ಆರೋಪಿಯು ದೂರುದಾರಳ ಮೌಲ್ಯಮಾಪನ ಮಾಡದಂತೆ ತಡೆಯಲು ಅವಕಾಶ ಕಲ್ಪಿಸಿದೆ. ಈ ಒಂದು ಅಂಶ ಪ್ರತಿಯೊಬ್ಬ ವಿದ್ಯಾರ್ಥಿನಿಗೂ ಪ್ರವೇಶದ ದಿನವೇ, ಅವಳ ನುಡಿಯಲ್ಲಿಯೇ ತಿಳಿಯಬೇಕು.

ಪಠ್ಯದ ಒಂದು ಪಾಠಾಂತರಕ್ಕಾಗಿ ತಿಂಗಳುಗಟ್ಟಲೆ ಹಸ್ತಪ್ರತಿ ತಿರುವಿಹಾಕುವ ವಿದ್ವತ್ತು, ಹೆಣ್ಣೊಬ್ಬಳು ತಡವರಿಸುತ್ತ ಹೇಳುವ ಮಾತಿಗೂ ಅದೇ ತಾಳ್ಮೆಯನ್ನು ಸಲ್ಲಿಸಬೇಕಾಗಿದೆ. ಪದದ ಅಳತೆಯನ್ನು ಬದಲಿಸುವುದು ಸುಲಭವಲ್ಲ. ಕೇಳುವ ಕಿವಿಯ ಅಳತೆಯನ್ನು ಬದಲಿಸುವುದು ಸಾಧ್ಯ.