ಸೀನೀರು ಬಾವಿ

ಕೋಲಾರದ ಕಡೆಯ ನಮ್ಮೂರಲ್ಲಿ ಎರಡು ಬಾವಿಗಳಿದ್ದವು. ಉಪ್ಪುನೀರು ಬಾವಿ ದನಕರುಗಳಿಗೆ, ಬಟ್ಟೆಬರೆಗೆ. ಸೀನೀರು ಬಾವಿ ಕುಡಿಯುವುದಕ್ಕೆ, ಅಡುಗೆಗೆ. ಯಾವುದು ಯಾವ ನೀರು ಎಂದು ತಿಳಿಯಲು ಊರಿಗಿದ್ದದ್ದು ಒಂದೇ ಪರೀಕ್ಷೆ: ತೊಗರಿಬೇಳೆ ಬೇಯುತ್ತದೋ ಇಲ್ಲವೋ. ನಂಟರಿಗೆ ಮೊದಲು ಬೆಲ್ಲದಚ್ಚು, ಜೊತೆಗೆ ಸೀನೀರು ಬಾವಿಯ ನೀರು. ಕುಡಿದು "ನಿಮ್ಮೂರ ನೀರು ಚೆನ್ನಾಗಿದೆ" ಎಂದರೆ ಹೆಣ್ಣಿನ ಮಾತುಕತೆ ಅರ್ಧ ಮುಗಿಯಿತೆಂದೇ ಲೆಕ್ಕ.

ಮೆಟ್ಟು ಹಾಕಿಕೊಂಡು ಕಟ್ಟೆ ಹತ್ತುವಂತಿರಲಿಲ್ಲ. ಬಿಂದಿಗೆ ಬೆಳಗದೆ ಬಂದವಳನ್ನು ಉಳಿದ ಹೆಂಗಸರು ಮಾತಿನಲ್ಲೇ ಬೆಳಗಿ ಕಳಿಸುತ್ತಿದ್ದರು. ಬೇಸಿಗೆಯಲ್ಲಿ ಹೂಳೆತ್ತುವಾಗ ಮನೆಗೊಬ್ಬ ಆಳು ಬರಬೇಕು. ಮಂಕರಿ ಹೊರುವ ನೆಪದಲ್ಲಿ ಹುಡುಗರೆಲ್ಲ ಕೆಸರೋಕುಳಿ. ಬುಡದಲ್ಲಿ ಹೊಸ ಊಟೆ ಚಿಮ್ಮಿದಾಗ ಎಲ್ಲರೂ ಕೂಗಿಕೊಂಡ ಸದ್ದು ಇನ್ನೂ ಕಿವಿಯಲ್ಲಿದೆ.

ಆಮೇಲೆ ಕೈಪಂಪು ಬಂತು, ಅದರ ಹಿಂದೆಯೇ ಬೋರು. ಬೋರಿನ ನೀರಿನ ಜೊತೆ ಹಿಪ್ಪುನೇರಳೆಗೆ, ಟೊಮೆಟೊಗೆ ಯೂರಿಯಾ ಸುರಿದಷ್ಟೂ ಹಸಿರು. ಖಾಲಿ ಚೀಲಗಳು ನಮ್ಮ ಪಾಲಿಗೆ ಬರುತ್ತಿದ್ದವು: ಒಂದು ಮೂಲೆಯನ್ನು ಒಳಕ್ಕೆ ಮಡಚಿದರೆ ಮಳೆಗೆ ಗೊಪ್ಪೆ. ಸಾಲಾಗಿ ಗೊಪ್ಪೆ ಹಾಕಿಕೊಂಡು ಇಸ್ಕೂಲಿಗೆ ಹೋಗುತ್ತಿದ್ದ ನಮಗೆ, ಚೀಲದೊಳಗಿದ್ದದ್ದು ಮಣ್ಣಿನಲ್ಲಿ ನೈಟ್ರೇಟ್ ಆಗಿ, ಗಿಡ ಹೀರಿ ಮಿಕ್ಕಿದ್ದು ಅದೇ ಮಳೆನೀರಿನೊಂದಿಗೆ ಕಲ್ಲಿನ ಬಿರುಕುಗಳಿಗೆ ಇಳಿಯುತ್ತದೆಂದು ಯಾರು ಹೇಳಬೇಕಿತ್ತು?

ಹಾಗೆಂದು ಆಗಿನ ನೀರು ಅಮೃತ, ಈಗಿನದು ವಿಷ ಎಂದು ನಾನು ಹೇಳಲಾರೆ. ಬಾವಿಯ ಕೂಗಳತೆಯಲ್ಲೇ ತಿಪ್ಪೆಗಳಿದ್ದವು. ಸಗಣಿ ಗಂಜಲದ ಸಾರಜನಕವೂ ಕೊನೆಗೆ ಆಗುವುದು ನೈಟ್ರೇಟೇ. ಈಗ ಅದಕ್ಕೆ ಕಕ್ಕಸುಗುಂಡಿಗಳೂ ಸೇರಿವೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬೇಳೆ ಚೆನ್ನಾಗಿಯೇ ಬೇಯುತ್ತದೆ.

ಸೀನೀರು ಬಾವಿ ಬತ್ತಿ, ಈಗ ಕಸದಿಂದ ತುಂಬಿದೆ. ಊರವರು ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು, ಸ್ಕೂಟರಿನಲ್ಲಿಟ್ಟುಕೊಂಡು ಹೋಗುತ್ತಾರೆ. ಅಲ್ಲಿ ಯಾರೂ ನಿಂತು ಮಾತಾಡುವುದಿಲ್ಲ. ಹೂಳೆತ್ತಲು ಮನೆಗೊಬ್ಬ ಆಳು ಕಳಿಸುತ್ತಿದ್ದ ಊರು ಇದೇ. ನನಗೆ ನೀರಿಗಿಂತ ದೊಡ್ಡ ನಷ್ಟ ಅದೇ ಅನ್ನಿಸುತ್ತದೆ: ನೀರು ಊರಿನದಾಗಿದ್ದಾಗ ಅದನ್ನು ಕಾಯಲು ಜನರಿದ್ದರು.

ಈಗ ಕಾಯುವ ಕೆಲಸ ಮನೆಮನೆಯದು. ನಮ್ಮ ದೇಶದ ಮಾನದಂಡದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಕಲಸಿದ ಪುಡಿಹಾಲು ಕುಡಿದ ಎಳೆಗೂಸಿನ ರಕ್ತ ಆಮ್ಲಜನಕ ಒಯ್ಯಲಾಗದೆ ಮೈ ನೀಲಿಗಟ್ಟಬಹುದು. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ನಿಮ್ಮ ಮನೆಯಲ್ಲಿ ಬೋರಿನ ನೀರು ಕುಡಿಯುತ್ತಿದ್ದರೆ, ಅದರಲ್ಲೂ ಮನೆಯಲ್ಲಿ ಹಸುಗೂಸಿದ್ದರೆ, ಒಂದು ಬಾಟಲಿ ನೀರನ್ನು ಹತ್ತಿರದ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಮಾಡಿಸಿ.