ಹಿಂದೆ ನಿಲ್ಲುವ ಸಾಮಿ

ಸಾಮಿ ಅಂದ್ರೆ ನಮ್ಮ ಕಡೆ ದೇವರಿಗೂ ಆಗುತ್ತೆ, ಬಸ್ಸಲ್ಲಿ "ಸಾಮಿ, ಒಸಿ ಜರುಗಿ" ಅನ್ನೋಕೂ ಆಗುತ್ತೆ. ನಾವು ಇಲ್ಲಿ ಹೇಳಹೊರಟಿರುವ ಸಾಮಿ ಮಾತ್ರ ಫಿನ್‌ಲೆಂಡಿನವರು. ಪೂರ್ತಿ ಹೆಸರು ಸಾಮಿ ಹ್ಯೂಪಿಯಾ. ಹಾಸ್ಟೆಲ್‌ನಲ್ಲಿ ಈ ಹೆಸರು ಹೇಳಿದರೆ ಹೆಚ್ಚಿನವರು "ಯಾರಪ್ಪಾ ಅದು?" ಅಂತಾರೆ. ತಪ್ಪಿಲ್ಲ. ಮೆಸ್ಸಿ, ರೊನಾಲ್ಡೊ ಪೋಸ್ಟರ್ ಅಂಟಿಸಿದ ರೂಮುಗಳಲ್ಲಿ ಡಿಫೆಂಡರ್‌ಗೆ ಗೋಡೆ ಸಿಗೋದು ಕಷ್ಟ.

ನಾವು ಮೂವರೂ ಕಾಲೇಜ್ ಟೀಮಿನ ಡಿಫೆಂಡರ್‌ಗಳು, ಒಂದೇ ರೂಮಿನವರು, ಈಗ ಫೈನಲ್ ಇಯರ್. ಗೋಲು ಹೊಡೆದವನನ್ನ ಎಲ್ಲರೂ ಹೆಗಲ ಮೇಲೆ ಹೊತ್ತು ಕುಣಿಯುವಾಗ, ಅರ್ಧ ಮೈದಾನ ಓಡಿ ಬಂದು ಕೊನೆಗೆ ಸೇರಿಕೊಳ್ಳುವವರು ನಾವು. ಈ ವರ್ಷ ಜೂನಿಯರ್‌ಗಳಿಗೆ ಆಟ ಹೇಳಿಕೊಡುವ ಕೆಲಸ ನಮ್ಮ ತಲೆಗೆ ಬಂತು. ಎರಡು ತಿಂಗಳು ಹೇಳಿಕೊಟ್ಟೆವು. ಆಡಿದ ನಾಲ್ಕು ಮ್ಯಾಚ್‌ಗಳನ್ನೂ ಹುಡುಗರು ಸೋತರು. ನಾಲ್ಕನೆಯದು ಮುಗಿದ ಸಂಜೆ ನಾವು ಸೆಕೆಂಡ್ ಇಯರ್‌ನ ಒಬ್ಬ ಹುಡುಗನಿಗೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದೆವು. ಮಾರನೇ ದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ.

ಹ್ಯೂಪಿಯಾ ಬಗ್ಗೆ ನಾವು ಸರಿಯಾಗಿ ತಿಳಿದುಕೊಂಡಿದ್ದು ಆ ವಾರ. ಅವರ ಹಳೇ ಆಟದ ತುಣುಕುಗಳನ್ನ ಮೊದಲೂ ನೋಡಿದ್ದೆವು. ಆಟ ಬಿಟ್ಟ ಮೇಲೆ ಏನಾಯ್ತು ಅಂತ ನೋಡಿರಲಿಲ್ಲ.

ಫಿನ್‌ಲೆಂಡ್ ಐಸ್ ಹಾಕಿಯ ದೇಶ. ಅಲ್ಲಿ ವರ್ಷದ ಅರ್ಧ ಭಾಗ ಹುಲ್ಲಿನ ಮೈದಾನದಲ್ಲಿ ಚೆಂಡು ಒದೆಯೋಕೇ ಆಗಲ್ಲ, ಹಿಮ. ಹ್ಯೂಪಿಯಾ 1973ರಲ್ಲಿ ಪೊರ್ವೊ ಎಂಬಲ್ಲಿ ಹುಟ್ಟಿ, ಕಾಗದದ ಕಾರ್ಖಾನೆಗಳ ಸೀಮೆಯಾದ ಕೂಸಾಂಕೋಸ್ಕಿ ಕಡೆ ಬೆಳೆದರು. ಅಪ್ಪ ಫುಟ್‌ಬಾಲ್ ಆಡ್ತಿದ್ದರು. ಅಮ್ಮನೂ ಆಡ್ತಿದ್ದರು, ಅದೂ ಗೋಲ್‌ಕೀಪರ್ ಆಗಿ. ಗೋಲು ತಡೆಯೋದು ಮನೆಯಲ್ಲೇ ಕಲಿತ ವಿದ್ಯೆ ಅಂದುಕೊಂಡು ನಾವು ನಕ್ಕೆವು.

ಮಿಪಾ ಎಂಬ ಫಿನ್ನಿಷ್ ಕ್ಲಬ್‌ನಲ್ಲಿ ಆಡಿ, 1995ರಲ್ಲಿ ನೆದರ್‌ಲೆಂಡ್ಸ್‌ನ ವಿಲ್ಲೆಮ್ ಟ್ವೇ ಕ್ಲಬ್‌ಗೆ ಹೋದರು. ದೊಡ್ಡ ಕ್ಲಬ್ ಅಲ್ಲ. ಆದರೆ 1998-99ರಲ್ಲಿ ಅದು ಡಚ್ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಲಿವರ್‌ಪೂಲ್‌ಗೆ ಅವರ ಸುಳಿವು ಸಿಕ್ಕಿದ ಕಥೆ ಇನ್ನೂ ಚೆನ್ನಾಗಿದೆ. ಯುರೋಪಿನ ಮ್ಯಾಚ್‌ಗಳನ್ನ ಚಿತ್ರೀಕರಿಸುತ್ತಿದ್ದ ಒಬ್ಬ ಟಿವಿ ಕ್ಯಾಮೆರಾಮನ್ ನೇರವಾಗಿ ಕ್ಲಬ್ ಆಫೀಸಿನ ಬಾಗಿಲು ತಟ್ಟಿ, ಇಂಥ ಒಬ್ಬ ಡಿಫೆಂಡರ್ ಇದ್ದಾನೆ, ಒಮ್ಮೆ ನೋಡಿ ಅಂದನಂತೆ. ನೋಡಿದರು, 26 ಲಕ್ಷ ಪೌಂಡ್ ಕೊಟ್ಟು 1999ರಲ್ಲಿ ಕರೆಸಿಕೊಂಡರು. ಇಂಗ್ಲಿಷ್ ಫುಟ್‌ಬಾಲ್‌ನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು.

ಆರಡಿ ಮೀರಿದ ಎತ್ತರ, ಓಟ ಮಾತ್ರ ನಿಧಾನ. ಸ್ಟ್ರೈಕರ್ ಜೊತೆ ರೇಸಿಗೆ ಬಿದ್ದರೆ ಸೋಲು ಗ್ಯಾರಂಟಿ. ಅದಕ್ಕೇ ಅವರು ರೇಸಿಗೇ ಬೀಳ್ತಿರಲಿಲ್ಲ, ಚೆಂಡು ಬರೋ ಜಾಗದಲ್ಲಿ ಮೊದಲೇ ಹೋಗಿ ನಿಂತಿರ್ತಿದ್ದರು. ಪಕ್ಕದಲ್ಲಿ ಸ್ವಿಟ್ಜರ್‌ಲೆಂಡಿನ ಸ್ಟೆಫಾನ್ ಹೆನ್ಶೋ. 2000-01ರಲ್ಲಿ ಲಿವರ್‌ಪೂಲ್ ಒಂದೇ ಸೀಸನ್‌ನಲ್ಲಿ 63 ಮ್ಯಾಚ್ ಆಡಿ ಲೀಗ್ ಕಪ್, ಎಫ್‌ಎ ಕಪ್, ಯುಇಎಫ್‌ಎ ಕಪ್ ಮೂರನ್ನೂ ಗೆದ್ದಿತು. ಮುಂದೆ ಕ್ಯಾಪ್ಟನ್ ಪಟ್ಟಿಯೂ ಇವರ ತೋಳಿಗೇ ಬಂತು.

ಇನ್ನು ಏಪ್ರಿಲ್ 5ರ ವಿಷಯ. ನಾವು ಲೆಕ್ಕ ಹಾಕಿ ಹುಡುಕಿದ್ದಲ್ಲ, ಓದ್ತಾ ಓದ್ತಾ ಕಣ್ಣಿಗೆ ಬಿದ್ದಿದ್ದು. 2003ರ ಏಪ್ರಿಲ್ 5, ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನ. ಆಟ ಶುರುವಾಗಿ ಐದು ನಿಮಿಷದ ಒಳಗೇ ವಾನ್ ನಿಸ್ಟಲ್‌ರಾಯ್‌ನ ಎಳೆದು ಬೀಳಿಸಿ ರೆಡ್ ಕಾರ್ಡ್. ಕ್ಯಾಪ್ಟನ್ನೇ ಹೊರಗೆ, ಟೀಮು 4-0 ಸೋತಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೋಚ್ ಜೆರಾರ್ ಹೂಲಿಯೆ ಕ್ಯಾಪ್ಟನ್ ಪಟ್ಟಿಯನ್ನ 23 ವರ್ಷದ ಸ್ಟೀವನ್ ಜೆರಾರ್ಡ್‌ಗೆ ಕೊಟ್ಟರು.

ಇಲ್ಲಿ ನಾವು ಸ್ವಲ್ಪ ಹೊತ್ತು ನಿಂತೆವು. ಕ್ಲಬ್‌ನ ಸೆಕ್ರೆಟರಿ ಪದವಿ ಕೈತಪ್ಪಿದರೆ ವಾಟ್ಸಾಪ್ ಗ್ರೂಪಿನಿಂದಲೇ ಹೊರಗೆ ಹೋಗುವ ಜನ ನಾವು. ಮೂವತ್ತು ವರ್ಷದ ಹ್ಯೂಪಿಯಾ ಎಲ್ಲೂ ಹೋಗಲಿಲ್ಲ. ತನಗಿಂತ ಏಳು ವರ್ಷ ಚಿಕ್ಕವನ ಕೈಕೆಳಗೆ ಅದೇ ಜಾಗದಲ್ಲಿ ನಿಂತು ಇನ್ನೂ ಐದೂವರೆ ವರ್ಷ ಆಡಿದರು.

2005ರ ಏಪ್ರಿಲ್ 5, ಆನ್‌ಫೀಲ್ಡ್. ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್, ಎದುರಾಳಿ ಜುವೆಂಟಸ್. ಹತ್ತನೇ ನಿಮಿಷದಲ್ಲಿ ಕಾರ್ನರ್. ಲೂಯಿಸ್ ಗಾರ್ಸಿಯಾ ತಲೆ ತಾಗಿಸಿ ಹಿಂದಕ್ಕೆ ಬಿಟ್ಟ ಚೆಂಡನ್ನ ಹ್ಯೂಪಿಯಾ ನೆಲ ಮುಟ್ಟುವ ಮೊದಲೇ ಎಡಗಾಲಲ್ಲಿ ಒಳಗೆ ಹೊಡೆದರು. ಲಿವರ್‌ಪೂಲ್ 2-1. ಮೇ 25ರಂದು ಇಸ್ತಾಂಬುಲ್‌ನಲ್ಲಿ ಫೈನಲ್. ಅರ್ಧ ಆಟಕ್ಕೆ ಮಿಲಾನ್ 3-0 ಮುಂದೆ. ಆಮೇಲೆ ಆರು ನಿಮಿಷದಲ್ಲಿ ಮೂರು ಗೋಲು, ಪೆನಾಲ್ಟಿಯಲ್ಲಿ ಗೆಲುವು. ಆಗ ನಾವಿನ್ನೂ ತೊದಲು ಮಾತಾಡುವ ಮಕ್ಕಳು. ಇವತ್ತಿಗೂ ಮೆಸ್ ಊಟ ಆದಮೇಲೆ ಆ ಆರು ನಿಮಿಷ ನೋಡ್ತೀವಿ. ಕಪ್ ಎತ್ತಿದ್ದು ಜೆರಾರ್ಡ್. ಹಿಂದೆ ನಿಂತು 120 ನಿಮಿಷವೂ ಆಡಿದವರಲ್ಲಿ ಹ್ಯೂಪಿಯಾ ಒಬ್ಬರು.

2009ರ ಮೇ 24ರಂದು ಟೊಟೆನ್‌ಹ್ಯಾಮ್ ವಿರುದ್ಧ ಕೊನೆಯ ಕೆಲವು ನಿಮಿಷಕ್ಕೆ ಒಳಗೆ ಬಂದರು. ಹೊರಗೆ ಹೋದವರು ಅದೇ ಜೆರಾರ್ಡ್. ಲಿವರ್‌ಪೂಲ್ ಪರ ಅದು 464ನೇ ಮ್ಯಾಚ್. ಸಂಗಾತಿಗಳು ಅವರನ್ನ ಹೆಗಲ ಮೇಲೆ ಎತ್ತಿದರು. ಡಿಫೆಂಡರ್‌ಗೂ ಒಂದು ದಿನ ಹೆಗಲು ಸಿಗುತ್ತೆ. ಇದನ್ನ ನಾವು ಎರಡೆರಡು ಸಲ ಹಾಕಿ ನೋಡಿದೆವು. ಫಿನ್‌ಲೆಂಡ್ ಪರವೂ 105 ಮ್ಯಾಚ್ ಆಡಿದರು. ಆದರೆ ಅವರಿದ್ದಷ್ಟು ಕಾಲ ದೇಶ ಒಂದು ದೊಡ್ಡ ಟೂರ್ನಿಗೂ ಅರ್ಹತೆ ಪಡೆಯಲಿಲ್ಲ. ಮೊದಲ ಸಲ ಯುರೋ ಆಡಿದ್ದು 2021ರಲ್ಲಿ, ಅವರು ಬಿಟ್ಟು ಹತ್ತು ವರ್ಷ ಕಳೆದ ಮೇಲೆ.

ಆಮೇಲೆ ಕೋಚ್ ಆದ ಕಥೆ. ಜರ್ಮನಿಯ ಬಾಯರ್ ಲೆವರ್‌ಕೂಸನ್‌ನಲ್ಲಿ ಎರಡು ವರ್ಷ ಆಡಿ ನಿವೃತ್ತರಾದವರನ್ನ, 2012ರ ಏಪ್ರಿಲ್‌ನಲ್ಲಿ ಅದೇ ಕ್ಲಬ್ ಕೋಚ್ ಆಗಿ ಕರೆಯಿತು. ಜೊತೆಗೆ ಸಾಶಾ ಲೆವಾಂಡೊವ್ಸ್ಕಿ, ಯುವ ಆಟಗಾರರಿಗೆ ಕಲಿಸಿ ಪಳಗಿದವರು. ಇಬ್ಬರೂ ಸೇರಿ ನಡೆಸಿದ 2012-13ರ ಸೀಸನ್‌ನಲ್ಲಿ ಟೀಮು ಮೂರನೇ ಸ್ಥಾನಕ್ಕೆ ಬಂತು. ಆ ವರ್ಷ ಬಯೆರ್ನ್ ಮ್ಯೂನಿಕ್ ಲೀಗ್‌ನಲ್ಲಿ ಸೋತಿದ್ದು ಒಂದೇ ಮ್ಯಾಚು. ಸೋಲಿಸಿದ್ದು ಇವರು, ಅದೂ ಮ್ಯೂನಿಕ್‌ಗೇ ಹೋಗಿ, 2-1. ಮುಂದಿನ ವರ್ಷ ಹ್ಯೂಪಿಯಾ ಒಬ್ಬರೇ. ಆಂದ್ರೆ ಶ್ಯುರ್ಲೆ ಚೆಲ್ಸಿಗೆ ಹೋಗಿಯಾಗಿತ್ತು. ಆದರೂ ಶುರುವಿನಲ್ಲಿ ಟೀಮು ಮೇಲೇ ಇತ್ತು, ಆಮೇಲೆ ಜಾರಿತು. ತವರಿನಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 0-5, ಪಿಎಸ್‌ಜಿಗೆ 0-4. ಹ್ಯಾಂಬರ್ಗ್‌ನಲ್ಲಿ ಸೋತ ಮಾರನೇ ದಿನ ಕೆಲಸ ಹೋಯಿತು. ತಾರೀಖು 2014ರ ಏಪ್ರಿಲ್ 5.

ಅದೇ ವರ್ಷ ಇಂಗ್ಲೆಂಡಿನ ಎರಡನೇ ದರ್ಜೆಯ ಬ್ರೈಟನ್. ಗೋಲು ಹೊಡೆಯುತ್ತಿದ್ದ ಉಯೋವಾನನ್ನ ಕ್ಲಬ್ ಲೆಸ್ಟರ್‌ಗೆ ಮಾರಿತ್ತು. ಡಿಸೆಂಬರ್ 22ರಂದು ಟೀಮು ಕೆಳಗಿನ ಮೂರರಲ್ಲಿದ್ದಾಗ ರಾಜೀನಾಮೆ ಕೊಟ್ಟರು. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಎಫ್‌ಸಿ ಜ್ಯೂರಿಕ್. ಟೀಮು ಸ್ವಿಸ್ ಕಪ್ ಫೈನಲ್ ತಲುಪಿತು, ಲೀಗ್‌ನಲ್ಲಿ ಮಾತ್ರ ತಳಕ್ಕಿಳಿಯಿತು. 2016ರ ಮೇನಲ್ಲಿ, ಫೈನಲ್‌ಗೆ ಎರಡು ವಾರ ಮಿಕ್ಕಿರುವಾಗ, ಇವರನ್ನ ತೆಗೆದರು. ಜ್ಯೂರಿಕ್ ಕೆಳ ದರ್ಜೆಗೂ ಬಿತ್ತು, ಕಪ್ಪನ್ನೂ ಗೆದ್ದಿತು. ಗೆದ್ದ ದಿನ ಬೆಂಚಿನ ಮೇಲೆ ಇದ್ದವರು ಬೇರೆ ಕೋಚ್.

ಇದನ್ನ ಓದಿ ಮುಗಿಸಿದಾಗ ರಾತ್ರಿ ಒಂದೂವರೆ. ಸುಲಭದ ಪಾಠ ಎದುರಿಗೇ ಇತ್ತು: ದೊಡ್ಡ ಆಟಗಾರ ಕೋಚ್ ಆಗಲಾರ. ಆದರೆ ಅದು ಸರಿಯಲ್ಲ ಅನ್ನಿಸ್ತು. ಬಯೆರ್ನ್‌ನ ಅದರ ಮನೆಯಲ್ಲೇ ಸೋಲಿಸಿದ ಕೋಚ್‌ಗೆ ಕೋಚಿಂಗ್ ಬರಲ್ಲ ಅನ್ನೋಕಾಗುತ್ತಾ? ನಮಗೆ ಕಾಡಿದ್ದು ಇನ್ನೊಂದು. ಅತಿ ಚೆನ್ನಾಗಿ ನಡೆದ ಆ ಒಂದು ಸೀಸನ್‌ನಲ್ಲಿ ಪಕ್ಕದಲ್ಲಿ ಕಲಿಸಿ ಪಳಗಿದ ಇನ್ನೊಬ್ಬರಿದ್ದರು. ಆಡುವಾಗ ಹೆನ್ಶೋ ಇದ್ದ ಹಾಗೆ.

ನಮ್ಮ ಪಕ್ಕದಲ್ಲಿ ಯಾರಿದ್ದರು? ಮೂವರೂ ಒಂದೇ ಥರದವರು. ಮೂವರಿಗೂ ಆಡೋಕೆ ಬರುತ್ತೆ, ಮೂವರಿಗೂ ಹೇಳೋಕೆ ಬರಲ್ಲ.

ಮಾರನೇ ದಿನ ಆ ಹುಡುಗನ ರೂಮಿಗೆ ಹೋದೆವು. "ತಪ್ಪಾಯ್ತು ಕಣೋ" ಅಂದೆವು. ಅವನು ಸುಮಾರು ಹೊತ್ತು ಲ್ಯಾಪ್‌ಟಾಪ್‌ನಿಂದ ತಲೆ ಎತ್ತಲಿಲ್ಲ. ಆಮೇಲೆ ಹೇಳಿದ: "ಅಣ್ಣಾ, ಬೈದಿದ್ದಕ್ಕಲ್ಲ. ಅಲ್ಲಿ ನಿಂತ್ಕೋ, ಇಲ್ಲಿ ನಿಂತ್ಕೋ ಅಂತ ದಿನಾ ಹೇಳ್ತೀರಿ. ಯಾಕೆ ಅಂತ ಒಂದಿನಾನೂ ಹೇಳ್ಲಿಲ್ಲ."

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೂರು ವರ್ಷದಿಂದ ಅಲ್ಲಿ ನಿಲ್ತಿದ್ದೀವಿ, ಕಾಲೇ ಕರ್ಕೊಂಡು ಹೋಗುತ್ತೆ. ಯಾಕೆ ಅಂತ ನಾವೂ ಕೇಳಿಕೊಂಡಿರಲಿಲ್ಲ.

ಈಗ ಟೀಮಿಗೆ ಹೇಳಿಕೊಡುವುದು ಥರ್ಡ್ ಇಯರ್‌ನ ಒಬ್ಬ ಹುಡುಗ. ಆಟದಲ್ಲಿ ಸಾಧಾರಣ, ಹೆಚ್ಚಾಗಿ ಬೆಂಚಿನಲ್ಲೇ ಕೂತವನು, ಅದಕ್ಕೇ ಎಲ್ಲಾ ಮ್ಯಾಚನ್ನೂ ಹೊರಗಿನಿಂದ ನೋಡಿದವನು. ಅವನು ಸೀಟಿ ಊದಿ ಆಟ ನಿಲ್ಲಿಸಿ, "ಅಣ್ಣಾ, ನೀವೀಗ ಎರಡು ಹೆಜ್ಜೆ ಹಿಂದೆ ಬಂದ್ರಲ್ಲ, ಯಾಕೆ ಬಂದ್ರಿ?" ಅಂತ ನಮ್ಮನ್ನ ಕೇಳ್ತಾನೆ. ನಾವು ತಡವರಿಸ್ತಾ ಹೇಳ್ತೀವಿ, ಅವನು ಅದನ್ನ ಹುಡುಗರಿಗೆ ಅರ್ಥವಾಗೋ ಹಾಗೆ ಬಿಡಿಸ್ತಾನೆ. ಸೆಕೆಂಡ್ ಇಯರ್ ಹುಡುಗ ವಾಪಸ್ ಬಂದಿದ್ದಾನೆ, ನಮ್ಮ ಎಡಕ್ಕೆ ನಿಲ್ತಾನೆ. ಹೋದ ವಾರದ ಮ್ಯಾಚು 1-1 ಆಯ್ತು. ಗೋಲು ಬಿಟ್ಟುಕೊಟ್ಟಿದ್ದು ನಮ್ಮ ತಪ್ಪಿನಿಂದಲೇ. ಈ ಸಲ ಮಾತ್ರ ಆ ತಪ್ಪು ಯಾಕಾಯ್ತು ಅಂತ ಹೇಳೋಕೆ ಬಂತು.